ಬ್ರೇಕ್ ಇದೆ, ರನ್‌ವೇ ಇಲ್ಲ: ಇಳಿಯುವ ವಿಮಾನ ನಿಲ್ಲುವುದು ಹೇಗೆ?

ಕೃಷ್ಣಗಿರಿ, ಧರ್ಮಪುರಿ ಕಡೆಯವರಿಗೆ ‘ಬ್ರೇಕ್ ಫೇಲ್’ ಎಂದರೆ ಮೊದಲು ನೆನಪಾಗುವುದು ತೊಪ್ಪೂರು ಘಾಟಿ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಒತ್ತಿ ಒತ್ತಿ ಲಾರಿಯ ಡ್ರಮ್ ಕಾದು ಹಿಡಿತ ಬಿಟ್ಟುಹೋಗುತ್ತದೆ. ಇಳಿಯುವ ವಿಮಾನದಲ್ಲಿ ಹಾಗಾಗುವುದು ಬಹಳ ಅಪರೂಪ. ರನ್‌ವೇ ದಾಟಿ ಹೋದ ದೊಡ್ಡ ಅಪಘಾತಗಳ ತನಿಖಾ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆಯೇ ಸಂಗತಿ: ಬ್ರೇಕ್ ಸರಿಯಾಗಿಯೇ ಇತ್ತು, ಅದು ಕೆಲಸ ಮಾಡುವಷ್ಟು ರನ್‌ವೇ ಉಳಿದಿರಲಿಲ್ಲ.

ಚಕ್ರದೊಳಗೆ ಏನಿದೆ

ಪ್ರಯಾಣಿಕ ಜೆಟ್‌ಗಳ ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ನಿಲ್ಲಿಸುವ ಭಾರವೆಲ್ಲ ರೆಕ್ಕೆಯ ಕೆಳಗಿನ ಮುಖ್ಯ ಚಕ್ರಗಳ ಮೇಲೆ. ಪ್ರತಿ ಚಕ್ರದೊಳಗೂ ತಿರುಗುವ ಮತ್ತು ತಿರುಗದ ಬಿಲ್ಲೆಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿರುತ್ತಾರೆ. ಈಗಿನ ವಿಮಾನಗಳಲ್ಲಿ ಅವು ಹೆಚ್ಚಾಗಿ ಕಾರ್ಬನ್‌ನವು. ಎ320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಸುಮಾರು 3,000 ಪಿಎಸ್‌ಐ ಒತ್ತಡದ ಹೈಡ್ರಾಲಿಕ್ ಎಣ್ಣೆ ಈ ಬಿಲ್ಲೆಗಳನ್ನು ಒಂದಕ್ಕೊಂದು ಅದುಮುತ್ತದೆ. ಬೋಯಿಂಗ್ 787ರಲ್ಲಿ ಎಣ್ಣೆಯ ಬದಲು ವಿದ್ಯುತ್ ಮೋಟರ್‌ಗಳು ಆ ಕೆಲಸ ಮಾಡುತ್ತವೆ.

ಚಕ್ರ ಪೂರ್ತಿ ಸಿಕ್ಕಿಕೊಂಡು ಜಾರತೊಡಗಿದರೆ ಟೈರ್ ಸವೆದು ಒಡೆಯುತ್ತದೆ. ಅದನ್ನು ತಡೆಯಲು ಆಂಟಿಸ್ಕಿಡ್ ವ್ಯವಸ್ಥೆ ಇದೆ. ನಮ್ಮ ಕಾರುಗಳಿಗೆ ಎಬಿಎಸ್ ಬರುವುದಕ್ಕೆ ಎಷ್ಟೋ ಮೊದಲೇ, 1950ರ ದಶಕದಲ್ಲಿ, ಇದು ವಿಮಾನಗಳಿಗೆ ಬಂದಿತ್ತು. ಬಿಲ್ಲೆಗಳು ಕೆಂಪಗೆ ಕಾದರೆ ಚಕ್ರದಲ್ಲಿರುವ ಫ್ಯೂಸ್ ಪ್ಲಗ್ ಕರಗಿ ಟೈರಿನ ನೈಟ್ರೋಜನ್ ಹೊರಬಿಡುತ್ತದೆ. ಟೈರ್ ಸಿಡಿಯುವುದಕ್ಕಿಂತ ಇಳಿದುಹೋಗುವುದೇ ಮೇಲು.

ಬ್ರೇಕಿಗೆ ಭಾರ ಬೇಕು

ನೆಲ ಮುಟ್ಟಿದ ಕ್ಷಣದಲ್ಲೂ ರೆಕ್ಕೆ ವಿಮಾನವನ್ನು ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ಚಕ್ರದ ಮೇಲೆ ಭಾರ ಬೀಳದಿದ್ದರೆ ಎಂಥ ಬ್ರೇಕೂ ಹಿಡಿಯದು. ಕಿಟಕಿ ಪಕ್ಕ ಕುಳಿತವರು ರೆಕ್ಕೆಯ ಮೇಲೆ ಹಲಗೆಗಳು ಎದ್ದು ನಿಲ್ಲುವುದನ್ನು ನೋಡಿರುತ್ತೀರಿ. ಅವು ಸ್ಪಾಯ್ಲರ್‌ಗಳು, ಎತ್ತುವ ಶಕ್ತಿಯನ್ನು ಮುರಿದು ಭಾರವನ್ನು ಚಕ್ರಕ್ಕೆ ಇಳಿಸುತ್ತವೆ. ಆಮೇಲೆ ಕೇಳುವ ಅಬ್ಬರ ಎಂಜಿನ್‌ಗಳ ರಿವರ್ಸ್ ಥ್ರಸ್ಟ್‌ನದು. ಸದ್ದು ದೊಡ್ಡದು, ಆದರೆ ಒಣ ರನ್‌ವೇಯಲ್ಲಿ ಹೆಚ್ಚಿನ ಕೆಲಸ ಬ್ರೇಕಿನದೇ.

1993ರ ಸೆಪ್ಟೆಂಬರ್ 14ರಂದು ವಾರ್ಸಾದಲ್ಲಿ ಲುಫ್ತಾನ್ಸಾದ ಎ320 ಒಂದು ಒದ್ದೆ ರನ್‌ವೇಗೆ ಹಿಂಗಾಳಿಯಲ್ಲಿ, ಒಂದೇ ಬದಿಯ ಚಕ್ರದ ಮೇಲೆ ಮೆತ್ತಗೆ ಇಳಿಯಿತು. ಎರಡೂ ಬದಿಯ ಚಕ್ರಗಳ ಮೇಲೆ ಭಾರ ಬೀಳದ ಕಾರಣ ‘ಇಳಿದಾಯಿತು’ ಎಂಬುದು ಕಂಪ್ಯೂಟರಿಗೆ ಖಚಿತವಾಗಲಿಲ್ಲ. ಸ್ಪಾಯ್ಲರ್, ರಿವರ್ಸ್, ಬ್ರೇಕ್ ಎಲ್ಲವೂ ತಡವಾಗಿ, ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿದು ಇಬ್ಬರು ಸತ್ತರು. ಕೆಟ್ಟು ನಿಂತ ಭಾಗ ಒಂದೂ ಇರಲಿಲ್ಲ.

ಮಂಗಳೂರು, 22 ಮೇ 2010

ಬಜ್ಪೆ ವಿಮಾನ ನಿಲ್ದಾಣದಲ್ಲಿ ದುರಂತ ನಡೆದ ದಿನ ಅನೇಕರ ಬಾಯಲ್ಲಿ ಬಂದ ಮೊದಲ ಊಹೆ ಬ್ರೇಕ್ ಇಲ್ಲವೇ ಟೈರ್ ಕೈಕೊಟ್ಟಿರಬೇಕು ಎಂಬುದು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812, ಬೋಯಿಂಗ್ 737-800, 166 ಮಂದಿಯನ್ನು ಹೊತ್ತು ಬೆಳಗಿನ ಆರರ ಸುಮಾರಿಗೆ ಇಳಿಯಿತು. ಬದುಕಿದವರು ಎಂಟೇ ಮಂದಿ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಹೇಳಿದ ಕಥೆ ಬೇರೆ. ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿ ಬಂದಿತ್ತು. ಹಾರಾಟದ ಬಹುಪಾಲು ನಿದ್ದೆಯಲ್ಲಿದ್ದ ಕ್ಯಾಪ್ಟನ್, ಮತ್ತೆ ಮೇಲೇರೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದರೂ ಇಳಿಯುವ ಹಟ ಬಿಡಲಿಲ್ಲ. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ.

ನನ್ನ ಮಟ್ಟಿಗೆ ವರದಿಯ ಅತ್ಯಂತ ಸಂಕಟದ ಭಾಗ ಬೋಯಿಂಗ್ ಮಾಡಿಕೊಟ್ಟ ಲೆಕ್ಕ. ಅಷ್ಟು ತಡವಾಗಿ ಇಳಿದರೂ, ಕೂಡಲೇ ರಿವರ್ಸ್ ಹಾಕಿ ಪೂರ್ತಿ ಬ್ರೇಕ್ ತುಳಿದು ಅದನ್ನೇ ಹಿಡಿದಿದ್ದರೆ ವಿಮಾನ ಸುಮಾರು 7,600 ಅಡಿಯಲ್ಲಿ, ರನ್‌ವೇ ಮೇಲೆಯೇ ನಿಲ್ಲುತ್ತಿತ್ತು. ಆದರೆ ರಿವರ್ಸ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಹಾರಲು ಹೊರಟರು. ಕೊನೆಯಲ್ಲಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟಡಕ್ಕೆ ರೆಕ್ಕೆ ಬಡಿದು ವಿಮಾನ ಕಣಿವೆಗೆ ಬಿತ್ತು. ಬ್ರೇಕಿಗೆ ಸಿಕ್ಕಿದ್ದ ಅವಕಾಶವನ್ನೂ ಕಿತ್ತುಕೊಂಡದ್ದು ಈ ಎರಡು ಮನಸ್ಸು.

2020ರ ಆಗಸ್ಟ್ 7ರಂದು ಕೋಳಿಕ್ಕೋಡಿನ ಮಳೆಯಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು: ಹಿಂಗಾಳಿ, ಅರ್ಧ ರನ್‌ವೇ ಕಳೆದ ಮೇಲೆ ಇಳಿತ, ಮುಂದೆ ಪ್ರಪಾತ. 21 ಮಂದಿ ಸತ್ತರು.

ಮಳೆನೀರು

ಒದ್ದೆ ರನ್‌ವೇಯಲ್ಲಿ ಟೈರ್ ನೀರಿನ ಪದರದ ಮೇಲೆ ತೇಲಿಬಿಡಬಹುದು. ಎಷ್ಟು ವೇಗದಲ್ಲಿ ಎಂಬುದಕ್ಕೆ ಪೈಲಟ್‌ಗಳ ಬಳಿ ಒಂದು ಸರಳ ಲೆಕ್ಕವಿದೆ: ಟೈರಿನ ಒತ್ತಡದ ವರ್ಗಮೂಲದ ಒಂಬತ್ತು ಪಟ್ಟು. 200 ಪಿಎಸ್‌ಐ ಟೈರಿಗೆ ಅದು ಸುಮಾರು 127 ನಾಟ್. ಇಳಿಯುವ ವೇಗ 130–140 ನಾಟ್ ಇರುವುದರಿಂದ, ಬ್ರೇಕ್ ಅತಿ ಹೆಚ್ಚು ಬೇಕಾದ ಮೊದಲ ಕ್ಷಣಗಳಲ್ಲೇ ಅದು ನಿಷ್ಪ್ರಯೋಜಕವಾಗಬಹುದು. ಹಾಗಾಗಿ ಮಳೆಯಲ್ಲಿ ಧಡ್ ಎಂದು ಇಳಿಸಿದ ಪೈಲಟ್‌ನನ್ನು ಬೈಯಬಾರದು. ನೀರಿನ ಪದರ ಒಡೆಯಲೆಂದೇ ಹಾಗೆ ಇಳಿಸುತ್ತಾರೆ.

ನಿಜವಾಗಿ ಬ್ರೇಕ್ ಹೋದರೆ

ಒಂದು ಹೈಡ್ರಾಲಿಕ್ ವ್ಯವಸ್ಥೆ ಸೋತರೆ ಇನ್ನೊಂದು ಕೈಹಿಡಿಯುತ್ತದೆ. ಎರಡೂ ಹೋದರೆ ಅಕ್ಯುಮುಲೇಟರ್‌ನಲ್ಲಿ ಕೂಡಿಟ್ಟ ಒತ್ತಡವಿದೆ. ಎ320ರಲ್ಲಿ ಅದು ಏಳು ಸಲ ಪೂರ್ತಿ ಬ್ರೇಕ್ ತುಳಿಯಲು ಸಾಕು. ಬ್ರೇಕ್ ದೋಷ ಗಾಳಿಯಲ್ಲೇ ಗೊತ್ತಾದರೆ ಪೈಲಟ್ ಇಂಧನ ಉರಿಸಿ ಭಾರ ಇಳಿಸುತ್ತಾರೆ, ಉದ್ದದ ರನ್‌ವೇ ಇರುವ ನಿಲ್ದಾಣಕ್ಕೆ ತಿರುಗುತ್ತಾರೆ. ನಮ್ಮ ಸುತ್ತಿನಲ್ಲಿ ಅಂಥ ಜಾಗ ದೇವನಹಳ್ಳಿ, ಅಲ್ಲಿನ ರನ್‌ವೇ 4,000 ಮೀಟರ್.

ಹೊಸೂರಿನ ಎತ್ತರ

ಬೆಂಗಳೂರು–ಹೊಸೂರು ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಇಲ್ಲಿ ಗಾಳಿ ತೆಳು. ಅದೇ ವಿಮಾನ ಚೆನ್ನೈಗಿಂತ ಇಲ್ಲಿ ನೆಲದ ಮೇಲೆ ಶೇ. 4–5ರಷ್ಟು ಹೆಚ್ಚು ವೇಗದಲ್ಲಿ ಇಳಿಯುತ್ತದೆ, ಬ್ರೇಕ್ ನುಂಗಬೇಕಾದ ಶಕ್ತಿ ಶೇ. 9ರಷ್ಟು ಏರುತ್ತದೆ. ಹೊಸೂರಿನ ಬಳಿಯ ಬೆಳಗೊಂಡಪಳ್ಳಿಯಲ್ಲಿ ತನೇಜಾ ಏರೋಸ್ಪೇಸ್ ಕಂಪನಿಯ ಸುಮಾರು 7,000 ಅಡಿಯ ಖಾಸಗಿ ರನ್‌ವೇ ಇದೆ. ದುರಸ್ತಿಗೆ ಬರುವ ವಿಮಾನಗಳು ಇಳಿಯುವುದು ಅಲ್ಲೇ.

2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿಗೆ 2,000 ಎಕರೆಯ, ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ವಿಧಾನಸಭೆಯಲ್ಲಿ ಘೋಷಿಸಿದರು. ಚರ್ಚೆ ನಡೆಯುತ್ತಿರುವುದೆಲ್ಲ ಜಾಗ, ಜಮೀನಿನ ಬೆಲೆ, ಬೆಂಗಳೂರು ನಿಲ್ದಾಣದ 150 ಕಿ.ಮೀ. ಒಳಗೆ ಹೊಸ ನಿಲ್ದಾಣ ಬೇಡವೆಂಬ ಒಪ್ಪಂದದ ಷರತ್ತಿನ ಮೇಲೆ. ಆದರೆ ವಿಮಾನ ನಿಲ್ಲುವ ಪ್ರಶ್ನೆ ಇರುವುದು ರನ್‌ವೇ ತುದಿಯಲ್ಲಿ: ರನ್‌ವೇ ಮುಗಿದ ಮೇಲಿನ ಸುರಕ್ಷತಾ ಪ್ರದೇಶಕ್ಕೆ ಅಂತರರಾಷ್ಟ್ರೀಯ ಕನಿಷ್ಠ 90 ಮೀಟರ್, ಶಿಫಾರಸು 240 ಮೀಟರ್. ಮಂಗಳೂರಿನ ಗುಡ್ಡದ ತುದಿಯಲ್ಲಿ ಆ 240ಕ್ಕೆ ಜಾಗವಿರಲಿಲ್ಲ. ಹೊಸೂರಿನ ಸುತ್ತಿನ ನೆಲದಲ್ಲಿ ಜಾಗವಿದೆ. ನಕ್ಷೆ ಬರೆಯುವವರು ಎರಡೂ ತುದಿಯಲ್ಲಿ ಅದನ್ನು ಬಿಟ್ಟಿದ್ದಾರೆಯೇ ಎಂದು ಈಗಲೇ ಕೇಳಿ.