ದಾವಣಗೆರೆ–ಹರಿಹರ: ಕೋವಿಡ್ ಕಾಲದ ಟ್ಯಾಕ್ಸಿ ಮತ್ತು ಆಟೊ ಚಾಲಕರು

ಕೋವಿಡ್-19 ಸಾಂಕ್ರಾಮಿಕ ಹಬ್ಬಿದ್ದ 2020 ಮತ್ತು 2021ರಲ್ಲಿ ದಾವಣಗೆರೆ ನಗರ ಹಾಗೂ ಹರಿಹರದ ಟ್ಯಾಕ್ಸಿ, ಮ್ಯಾಕ್ಸಿ ಕ್ಯಾಬ್ ಮತ್ತು ಆಟೊ ಚಾಲಕರು ಸೋಂಕಿನ ಭಯವನ್ನೂ ಸಾಲದ ಕಂತನ್ನೂ ಒಟ್ಟಿಗೆ ತೂಗಿ ರಸ್ತೆಗಿಳಿಯಬೇಕಾಯಿತು. ಆ ಅವಧಿಯ ಚಾಲಕರ ಬದುಕಿನ ಬಗ್ಗೆ ಬಂದ ಬರಹಗಳಲ್ಲಿ ಹೆಚ್ಚಿನವು ಬೆಂಗಳೂರಿನ ಆ್ಯಪ್ ಆಧಾರಿತ ಕ್ಯಾಬ್‌ಗಳನ್ನು ಕುರಿತವು. ಸ್ಟ್ಯಾಂಡಿನಲ್ಲಿ ನಿಂತು ಬಾಡಿಗೆ ಹಿಡಿಯುವ ಮಧ್ಯ ಕರ್ನಾಟಕದ ಚಾಲಕರ ಕಥೆ ಸರ್ಕಾರಿ ಆದೇಶ, ಜಿಲ್ಲಾ ಬುಲೆಟಿನ್ ಮತ್ತು ಪರಿಹಾರ ಘೋಷಣೆಗಳಲ್ಲಿ ಚದುರಿದೆ. ಈ ದಾಖಲೆಗಳು ಮೂರು ವಿಷಯಗಳಲ್ಲಿ ಒಂದಕ್ಕೊಂದು ತಾಳೆಯಾಗುವುದಿಲ್ಲ: 2020ರ ವಲಯ ಪಟ್ಟಿ, ಪರಿಹಾರಧನಕ್ಕೆ ಅರ್ಹರಾದ ಚಾಲಕರ ಸಂಖ್ಯೆ, 2021ರ ಜೂನ್‌ನಲ್ಲಿ ತುಂಗಭದ್ರೆಯ ಎರಡು ದಡಗಳಿಗೆ ಅನ್ವಯಿಸಿದ ಬೇರೆ ಬೇರೆ ನಿಯಮ. ಈ ಲೇಖನ ಮುಖ್ಯವಾಗಿ ಆ ಮೂರನ್ನು ಬಿಡಿಸಿ ನೋಡುತ್ತದೆ.

ಹಿನ್ನೆಲೆ

ದಾವಣಗೆರೆಗೂ ಹರಿಹರಕ್ಕೂ ಸುಮಾರು 14 ಕಿ.ಮೀ. ಅಂತರ. ಪುಣೆ–ಬೆಂಗಳೂರು ಹೆದ್ದಾರಿ, ಹಳೆಯ ಪಿ.ಬಿ. ರಸ್ತೆ ಮತ್ತು ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗ ಎರಡೂ ಊರುಗಳನ್ನು ಜೋಡಿಸಿವೆ. ಹರಿಹರದಲ್ಲಿ ತುಂಗಭದ್ರೆಗೆ 1868ರಲ್ಲಿ ಸೇತುವೆ ಪೂರ್ಣಗೊಂಡಿತು. ಆಗ ನದಿಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು ಹುಬ್ಬಳ್ಳಿ ಕಡೆಯಿಂದ, ಇದೇ ರೈಲು ಮಾರ್ಗವಾಗಿ. ರೋಗವೂ ಜನರೂ ಒಂದೇ ದಾರಿಯಲ್ಲಿ ಸಾಗುವ ಈ ಗಡಿಯೂರಿನ ಸ್ಥಿತಿ ಹೊಸದೇನಲ್ಲ.

ದಾವಣಗೆರೆ 1997ರ ಆಗಸ್ಟ್ 15ರಂದು ಪ್ರತ್ಯೇಕ ಜಿಲ್ಲೆಯಾಯಿತು. ಅದುವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಹರಿಹರ ಹೊಸ ಜಿಲ್ಲೆಗೆ ಸೇರಿತು. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ದಾವಣಗೆರೆಯ ಆರ್ಥಿಕತೆ ಶಿಕ್ಷಣ ಮತ್ತು ವೈದ್ಯಕೀಯದ ಕಡೆ ವಾಲಿತು. 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎಸ್.ಎಸ್. ವೈದ್ಯಕೀಯ ಸಂಸ್ಥೆ ಇವು ಸುತ್ತಲಿನ ಜಿಲ್ಲೆಗಳ ರೋಗಿಗಳನ್ನೂ ನಗರಕ್ಕೆ ಸೆಳೆದವು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಮುಚ್ಚಿದ ನಂತರ ನದಿಯಾಚೆಯ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯೇ ದೊಡ್ಡ ಆಸರೆಯಾಗಿ ಉಳಿಯಿತು.

ಎರಡೂ ಊರುಗಳ ಯಲ್ಲೋ ಬೋರ್ಡ್ ವಾಹನಗಳು ಬದುಕುವುದು ಮದುವೆ, ಧರ್ಮಸ್ಥಳದಂಥ ಕ್ಷೇತ್ರಯಾತ್ರೆ, ಆಸ್ಪತ್ರೆ, ವಿಮಾನ ನಿಲ್ದಾಣದ ಬಾಡಿಗೆಗಳಿಂದ. ಆಟೊಗಳಿಗೆ ರೈಲು ಮತ್ತು ಬಸ್ ನಿಲ್ದಾಣ, ಶಾಲೆ, ಮಾರುಕಟ್ಟೆಯೇ ಆಧಾರ. ಸಾಂಕ್ರಾಮಿಕ ಇವುಗಳಲ್ಲಿ ಆಸ್ಪತ್ರೆಯ ಬಾಡಿಗೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಒಮ್ಮೆಗೇ ನಿಲ್ಲಿಸಿತು.

ಮೊದಲ ಲಾಕ್‌ಡೌನ್

2020ರ ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶವ್ಯಾಪಿ ಲಾಕ್‌ಡೌನ್, ಮೇ 31ರವರೆಗೆ ಅದರ ನಾಲ್ಕು ಹಂತ: ಈ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದು. ಮದುವೆ ಮತ್ತು ಜಾತ್ರೆಯ ಹಂಗಾಮಿನಲ್ಲೇ ಗಾಡಿಗಳು ನಿಂತದ್ದು ಚಾಲಕರಿಗೆ ಬಿದ್ದ ಮೊದಲ ಪೆಟ್ಟು. ಯುಗಾದಿಯಿಂದ ಮೇ ಕೊನೆಯವರೆಗಿನ ದುಡಿಮೆಯೇ ಮಳೆಗಾಲದ ಕಂತಿಗೆ ಆಧಾರ.

ಕೇಂದ್ರ ಮಟ್ಟದಿಂದ ಕೆಲವು ಸಡಿಲಿಕೆಗಳು ಬಂದವು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳ ಕಂತು ಮುಂದೂಡಿಕೆಗೆ ಅವಕಾಶ ಕೊಟ್ಟಿತು, ಮೇ 22ರಂದು ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಮಾರ್ಚ್ 30ರಂದು ಸಾರಿಗೆ ಸಚಿವಾಲಯ ಅವಧಿ ಮುಗಿದ ಎಫ್‌ಸಿ (ಫಿಟ್ನೆಸ್ ಪ್ರಮಾಣಪತ್ರ), ಪರ್ಮಿಟ್ ಮತ್ತು ಪರವಾನಗಿಗಳನ್ನು ಚಾಲ್ತಿಯಲ್ಲಿವೆ ಎಂದೇ ಪರಿಗಣಿಸುವಂತೆ ಸೂಚಿಸಿತು. ಈ ರಿಯಾಯಿತಿ ಕಂತುಕಂತಾಗಿ 2021ರ ಅಕ್ಟೋಬರ್ 31ರವರೆಗೆ ಮುಂದುವರಿಯಿತು. ವಿಮೆಗೆ ಮಾತ್ರ ಅಂಥ ದೀರ್ಘ ರಿಯಾಯಿತಿ ಸಿಗಲಿಲ್ಲ. ಮಾರ್ಚ್ 25ರಿಂದ ಮೇ 3ರ ನಡುವೆ ನವೀಕರಿಸಬೇಕಿದ್ದ ಪಾಲಿಸಿಗಳಿಗೆ ಮೇ 15ರವರೆಗೆ ಹಣ ಕಟ್ಟಲು ಸಮಯ ಕೊಟ್ಟದ್ದಷ್ಟೇ. ಕಂತಿನ ಮುಂದೂಡಿಕೆಯೂ ಬಡ್ಡಿಯ ಮನ್ನಾ ಆಗಿರಲಿಲ್ಲ. ಬಡ್ಡಿ ಬೆಳೆಯುತ್ತಲೇ ಹೋಯಿತು. ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ಭರಿಸುವ ಯೋಜನೆ ಬಂದದ್ದು ಅಕ್ಟೋಬರ್ 23ರಂದು. ಬ್ಯಾಂಕು, ಸಹಕಾರ ಬ್ಯಾಂಕು ಮತ್ತು ನೋಂದಾಯಿತ ಫೈನಾನ್ಸ್ ಕಂಪನಿಗಳ ಹೊರಗೆ ಪಡೆದ ಕೈಸಾಲಕ್ಕೆ ಇದಾವುದೂ ಅನ್ವಯಿಸಲಿಲ್ಲ.

ಹಸಿರು ವಲಯದ ಗೊಂದಲ

ಮಾರ್ಚ್ ಕೊನೆಯ ವಾರದಲ್ಲಿ ವಿದೇಶದಿಂದ ಬಂದವರಲ್ಲಿ ಕಂಡ ಕೆಲವು ಪ್ರಕರಣಗಳ ನಂತರ ದಾವಣಗೆರೆ ಜಿಲ್ಲೆಯಲ್ಲಿ ಹಲವು ವಾರ ಹೊಸ ಸೋಂಕು ವರದಿಯಾಗಲಿಲ್ಲ. ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಕಳುಹಿಸಿದ ಪಟ್ಟಿಯಲ್ಲಿ ದಾವಣಗೆರೆ ಹಸಿರು ವಲಯದಲ್ಲಿತ್ತು. 21 ದಿನ ಹೊಸ ಪ್ರಕರಣವಿಲ್ಲದಿರುವುದು ಅದರ ಅಳತೆ. ಆದರೆ ಅದಕ್ಕೂ ಮೊದಲೇ, ಏಪ್ರಿಲ್ 29ರಂದು, ನಗರದ ಬಾಷಾನಗರದಲ್ಲಿ ಆರೋಗ್ಯ ಸಿಬ್ಬಂದಿಯೊಬ್ಬರಿಗೆ ಸೋಂಕು ದೃಢಪಟ್ಟಿತ್ತು. ಮೇ 1ರಂದು ಜಿಲ್ಲೆಯಲ್ಲಿ ಕೋವಿಡ್ ಸಾವು ಸಂಭವಿಸಿತು. ಮೇ ಮೊದಲ ವಾರದಲ್ಲಿ ಒಂದೇ ದಿನ 20ಕ್ಕೂ ಹೆಚ್ಚು ಪ್ರಕರಣಗಳು ಪತ್ತೆಯಾಗಿ ಬಾಷಾನಗರ, ಜಾಲಿನಗರ ಸೀಲ್‌ಡೌನ್ ಆದವು.

ನಂತರದ ಬರಹಗಳಲ್ಲಿ ದಾವಣಗೆರೆಯನ್ನು ಕೆಲವೆಡೆ ಮೇ ತಿಂಗಳ ಹಸಿರು ಜಿಲ್ಲೆ ಎಂದೂ ಕೆಲವೆಡೆ ಅದೇ ತಿಂಗಳ ಹಾಟ್‌ಸ್ಪಾಟ್ ಎಂದೂ ಕರೆದಿರುವುದಕ್ಕೆ ಮೂಲ ಇಲ್ಲಿದೆ. ಎರಡೂ ತಪ್ಪಲ್ಲ. ಒಂದು ಪಟ್ಟಿಯ ತಾರೀಖನ್ನು ನಂಬಿದೆ, ಇನ್ನೊಂದು ಬುಲೆಟಿನ್‌ನ ತಾರೀಖನ್ನು. ಚಾಲಕರ ಮಟ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಮೇ 4ರಿಂದ ಜಾರಿಗೆ ಬಂದ ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಯಂತೆ ಕೆಂಪು ವಲಯದಲ್ಲಿ ಆಟೊ, ಟ್ಯಾಕ್ಸಿ ಓಡುವಂತಿರಲಿಲ್ಲ, ಹಸಿರು ವಲಯದಲ್ಲಿ ಓಡಬಹುದಿತ್ತು. ಕಾಗದದಲ್ಲಿ ದಾರಿ ತೆರೆದ ವಾರವೇ ಊರಿನಲ್ಲಿ ಸೋಂಕು ಏರಿತು. ವಲಯದ ಬಣ್ಣ ಅಪಾಯವನ್ನು ಹೇಳಬೇಕಿತ್ತು, ಆದರೆ ಅದು ಹೇಳಿದ್ದು ಕಳೆದ 3 ವಾರಗಳ ಸ್ಥಿತಿಯನ್ನು. ಈ ಘಟನಾವಳಿಯ ನಿಜವಾದ ತಿರುವು ಲಾಕ್‌ಡೌನ್ ಘೋಷಣೆಗಿಂತ ಈ ವಾರವೇ ಎನ್ನಬಹುದು. ಅಲ್ಲಿಂದ ಮುಂದೆ ಸರ್ಕಾರದ ಅನುಮತಿ ಬೇರೆ, ಸುರಕ್ಷತೆ ಬೇರೆ ಎಂಬುದು ಸ್ಪಷ್ಟವಾಯಿತು.

ಮೇ 19ರಿಂದ ರಾಜ್ಯದಲ್ಲಿ ಕಂಟೈನ್‌ಮೆಂಟ್ ವಲಯಗಳನ್ನು ಬಿಟ್ಟು ಬಸ್, ಆಟೊ, ಟ್ಯಾಕ್ಸಿಗಳು ಮತ್ತೆ ಓಡಿದವು. ಆಟೊ ಮತ್ತು ಟ್ಯಾಕ್ಸಿಯಲ್ಲಿ ಚಾಲಕನ ಜೊತೆ ಇಬ್ಬರೇ ಪ್ರಯಾಣಿಕರು. ಮೂವರು ಕೂರುವ ಆಟೊದಲ್ಲಿ ಸೀಟಿನ ಲೆಕ್ಕದ ದುಡಿಮೆಗೆ ಇದರಿಂದ ಮೂರರಲ್ಲಿ ಒಂದು ಪಾಲು ಖೋತಾ. ಇದೇ ತಿಂಗಳ 5ರಂದು ಕೇಂದ್ರ ಸರ್ಕಾರ ಅಬಕಾರಿ ಮತ್ತು ಸೆಸ್ ರೂಪದಲ್ಲಿ ಪೆಟ್ರೋಲ್ ಮೇಲೆ ಲೀಟರಿಗೆ ₹10, ಡೀಸೆಲ್ ಮೇಲೆ ₹13 ಏರಿಸಿತ್ತು. ಆಗ ಪಂಪಿನ ದರ ಬದಲಾಗದಿದ್ದರೂ ಜೂನ್‌ನಿಂದ ಬೆಲೆ ಏರತೊಡಗಿತು. ಡೀಸೆಲ್ ಮೇಲಿನ ಅಬಕಾರಿ ₹10 ಇಳಿದದ್ದು 2021ರ ನವೆಂಬರ್‌ನಲ್ಲಿ.

ಪರಿಹಾರಧನ: ಎರಡು ಸಂಖ್ಯೆಗಳ ನಡುವೆ

2020ರ ಮೇ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಘೋಷಿಸಿದ ₹1,610 ಕೋಟಿಯ ಪ್ಯಾಕೇಜಿನಲ್ಲಿ ಸುಮಾರು 7,75,000 ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ ₹5,000 ಎಂದಿತ್ತು. ಅರ್ಜಿ ಸಲ್ಲಿಸಬೇಕಾದದ್ದು ಸೇವಾಸಿಂಧು ಪೋರ್ಟಲ್‌ನಲ್ಲಿ. ಪರವಾನಗಿ, ಆಧಾರ್ ಮತ್ತು ವಾಹನದ ನೋಂದಣಿ ವಿವರ ಬೇಕಿತ್ತು. ಒಂದು ವರ್ಷದ ನಂತರ, 2021ರ ಮೇ 19ರಂದು, ಎರಡನೇ ಅಲೆಯ ₹1,250 ಕೋಟಿ ಪ್ಯಾಕೇಜಿನಲ್ಲಿ ಆಟೊ, ಟ್ಯಾಕ್ಸಿ, ಮ್ಯಾಕ್ಸಿ ಕ್ಯಾಬ್ ಚಾಲಕರಿಗೆ ತಲಾ ₹3,000 ಘೋಷಣೆಯಾಯಿತು. ಆಗ ಅಂದಾಜಿಸಿದ ಫಲಾನುಭವಿಗಳು 2,10,000, ವೆಚ್ಚ ₹63 ಕೋಟಿ.

ಒಂದೇ ರಾಜ್ಯದ, ಒಂದೇ ವೃತ್ತಿಯ ಈ ಎರಡು ಸಂಖ್ಯೆಗಳ ನಡುವೆ 5,65,000ದ ಅಂತರವಿದೆ. ಒಂದು ವರ್ಷದಲ್ಲಿ ಅಷ್ಟು ಮಂದಿ ವೃತ್ತಿ ಬಿಟ್ಟರು ಎಂದು ಓದುವುದು ಸರಿಯಲ್ಲ. ಮೊದಲನೆಯದು ರಾಜ್ಯದಲ್ಲಿ ಇಷ್ಟು ಚಾಲಕರಿರಬಹುದು ಎಂಬ ಅಂದಾಜು, ಎರಡನೆಯದು ಪರವಾನಗಿ ಮತ್ತು ನೋಂದಣಿಯ ಮೂಲಕ ಗುರುತಿಸಬಹುದಾದವರ ಲೆಕ್ಕ. ನಡುವೆ ಬಿದ್ದುಹೋದವರು ಯಾರೆಂದು ವೃತ್ತಿಯ ಸ್ವರೂಪವೇ ತೋರಿಸುತ್ತದೆ. ಓನರ್ ಬೇರೆ, ಓಡಿಸುವವರು ಬೇರೆ ಆಗಿರುವ ಗಾಡಿಗಳಲ್ಲಿ ದಾಖಲೆ ಓನರ್ ಹೆಸರಿನಲ್ಲಿರುತ್ತದೆ. ಒಂದೇ ಆಟೊವನ್ನು ಹಗಲು ಒಬ್ಬರು, ರಾತ್ರಿ ಒಬ್ಬರು ಓಡಿಸಿದರೂ ನೋಂದಣಿ ಸಂಖ್ಯೆ ಒಂದೇ. ದಿನದ ಬಾಟಾಕ್ಕೆ ಹೋಗುವ ಬದಲಿ ಚಾಲಕರಿಗೆ ತೋರಿಸಲು ಗಾಡಿಯೇ ಇರುವುದಿಲ್ಲ. ವಾಣಿಜ್ಯ ವಾಹನ ಚಾಲಕರ ಬ್ಯಾಡ್ಜಿನ ವಿಷಯವೂ ಸರಳವಾಗಿರಲಿಲ್ಲ. 2017ರ ಜುಲೈ 3ರ ಸುಪ್ರೀಂ ಕೋರ್ಟ್ ತೀರ್ಪು ಮತ್ತು 2018ರ ಏಪ್ರಿಲ್‌ನ ಕೇಂದ್ರದ ಸೂಚನೆಯ ನಂತರ ಲಘು ವಾಹನದ ಪರವಾನಗಿ ಇದ್ದವರು ಪ್ರತ್ಯೇಕ ಅನುಮೋದನೆಯಿಲ್ಲದೆ ಟ್ಯಾಕ್ಸಿ ಓಡಿಸಬಹುದಾಗಿತ್ತು. ಹೀಗೆ ಕಾನೂನು ಒಪ್ಪಿದ ಹೊಸ ತಲೆಮಾರಿನ ಹಲವರ ಬಳಿ ವೃತ್ತಿಯನ್ನು ರುಜುವಾತು ಮಾಡುವ ಹಳೆಯ ಗುರುತು ಇರಲಿಲ್ಲ. ಗಾಡಿಯನ್ನು ಎಣಿಸಿದ ವ್ಯವಸ್ಥೆ ಗಾಡಿ ಓಡಿಸುವವರನ್ನು ಎಣಿಸಿರಲಿಲ್ಲ, ಮತ್ತು ಆ ಲೋಪದ ಬೆಲೆ ತೆತ್ತವರು ಅತಿ ಬಡ ಚಾಲಕರು.

ಎರಡನೇ ಅಲೆ

2021ರ ಏಪ್ರಿಲ್ 7ರಂದು ಸಾರಿಗೆ ನಿಗಮಗಳ ನೌಕರರು ಮುಷ್ಕರ ಹೂಡಿದರು, ಅದು 21ರವರೆಗೆ ನಡೆಯಿತು. ಸರ್ಕಾರ ಖಾಸಗಿ ಬಸ್ ಮತ್ತು ಮ್ಯಾಕ್ಸಿ ಕ್ಯಾಬ್‌ಗಳಿಗೆ ಬಸ್ ನಿಲ್ದಾಣಗಳಿಂದಲೇ ಪ್ರಯಾಣಿಕರನ್ನು ಒಯ್ಯಲು ಅವಕಾಶ ಕೊಟ್ಟಿತು. ಒಂದು ವರ್ಷದಿಂದ ಸೊರಗಿದ್ದ ಚಾಲಕರಿಗೆ ಇದು ದುಡಿಮೆಯ ಅವಕಾಶ. ಆದರೆ ಎರಡನೇ ಅಲೆ ಏರುತ್ತಿದ್ದ ವಾರಗಳೂ ಅವೇ. ಮುಷ್ಕರದ ವರದಿಗಳೂ ಸೋಂಕಿನ ವರದಿಗಳೂ ಬೇರೆ ಬೇರೆ ಪುಟಗಳಲ್ಲಿ ಅಚ್ಚಾದ್ದರಿಂದ ಈ ಸಂಬಂಧ ಗಮನಕ್ಕೆ ಬಂದದ್ದು ಕಡಿಮೆ. ತುಂಬಿದ ಗಾಡಿಯನ್ನು ತಾಸುಗಟ್ಟಲೆ ಓಡಿಸುವ ಅಪಾಯವನ್ನು ಚಾಲಕರು ಹೊತ್ತದ್ದು ಸರ್ಕಾರದ ಅನುಮತಿಯೊಂದಿಗೇ.

ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು, ಮೇ 10ರಿಂದ ನಿರ್ಬಂಧ ಬಿಗಿಯಾಯಿತು. ಜಿಲ್ಲೆಯಿಂದ ಜಿಲ್ಲೆಗೆ ಹೋಗಲು ತುರ್ತು ಕಾರಣ ಬೇಕಿತ್ತು. ಟ್ಯಾಕ್ಸಿ ಮತ್ತು ಆಟೊಗಳಿಗೆ ಉಳಿದದ್ದು ತುರ್ತು ಚಿಕಿತ್ಸೆ, ಲಸಿಕೆ ಮತ್ತು ರೈಲು–ವಿಮಾನದ ಟಿಕೆಟ್ ಇದ್ದವರ ಓಡಾಟ. ನಿಯಮದ ಉದ್ದೇಶ ಸಹಜವೇ. ಪರಿಣಾಮ ಮಾತ್ರ ಚಾಲಕರಿಗೆ ಕಠಿಣವಾಗಿತ್ತು. ಅಪಾಯ ಕಡಿಮೆ ಇದ್ದ ಹೆಚ್ಚಿನ ಬಾಡಿಗೆಗಳು ನಿಷಿದ್ಧವಾಗಿ, ಜ್ವರ ಬಂದವರನ್ನು ಚಿಗಟೇರಿ ಅಥವಾ ಬಾಪೂಜಿ ಆಸ್ಪತ್ರೆಗೆ ಮುಟ್ಟಿಸುವ ಬಾಡಿಗೆಯೇ ಮುಖ್ಯವಾಗಿ ಕಾನೂನುಬದ್ಧವಾಗಿ ಉಳಿಯಿತು. ಹೀಗೆ ಗಾಡಿ ಓಡಿಸಿದವರ ಸೇವೆಯನ್ನು ಆಂಬುಲೆನ್ಸ್ ಸಿಬ್ಬಂದಿಯ ಸೇವೆಗೆ ಸಮನಾಗಿ ಎಣಿಸಬೇಕು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಟೊ, ಕ್ಯಾಬ್ ಚಾಲಕರನ್ನು ಲಸಿಕೆಯ ಆದ್ಯತಾ ಗುಂಪಿಗೆ ಸೇರಿಸಿದ್ದು ಈ ವಾಸ್ತವಕ್ಕೆ ಸಿಕ್ಕ ತಡವಾದ ಮನ್ನಣೆ.

ನದಿಯ ಎರಡು ದಡ

ಜೂನ್ 14ರಿಂದ ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ಆಟೊ, ಟ್ಯಾಕ್ಸಿಗಳಿಗೆ ಇಬ್ಬರು ಪ್ರಯಾಣಿಕರೊಂದಿಗೆ ಅನುಮತಿ ಸಿಕ್ಕಿತು. ಸೋಂಕಿನ ಪ್ರಮಾಣ ಇಳಿಯದ 11 ಜಿಲ್ಲೆಗಳಲ್ಲಿ ಹಳೆಯ ನಿರ್ಬಂಧವೇ ಮುಂದುವರಿಯಿತು. ದಾವಣಗೆರೆ ಆ 11ರಲ್ಲಿ ಒಂದು. ಹಾವೇರಿ ಅದರಲ್ಲಿ ಇರಲಿಲ್ಲ. ಹರಿಹರದ ಸೇತುವೆ ದಾಟಿದರೆ ಸಿಗುವ ಕುಮಾರಪಟ್ಟಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನದು. ಹೀಗಾಗಿ ಒಂದು ವಾರ ಹಾವೇರಿಯ ಕೆಎ-27 ಫಲಕದ ಆಟೊ ಆಚೆ ದಡದಲ್ಲಿ ಬಾಡಿಗೆ ಹೊಡೆಯಬಹುದಿತ್ತು, ದಾವಣಗೆರೆಯ ಕೆಎ-17ರ ಆಟೊ ಈಚೆ ದಡದಲ್ಲಿ ನಿಲ್ಲಬೇಕಿತ್ತು. ಜೂನ್ 21ರಂದು ಹಾವೇರಿ ಇನ್ನಷ್ಟು ಸಡಿಲಿಕೆ ಪಡೆದ 16 ಜಿಲ್ಲೆಗಳ ಸಾಲಿಗೆ ಸೇರಿತು. ದಾವಣಗೆರೆ ಮೊದಲ ಹಂತದ ಸಡಿಲಿಕೆಗೆ ತಲುಪಿದ್ದು ಆಗ. ಜುಲೈ 5ರ ಆದೇಶದಿಂದ ಈ ಭೇದ ಬಹುಮಟ್ಟಿಗೆ ಅಳಿಯಿತು.

ರಾಜ್ಯ ಮಟ್ಟದ ಇತಿಹಾಸಗಳು ಜೂನ್ 14ನ್ನು ಅನ್‌ಲಾಕ್ ದಿನವೆಂದು ದಾಖಲಿಸುತ್ತವೆ. ಹರಿಹರದ ಚಾಲಕರಿಗೆ ಆ ತಾರೀಖು ಅನ್ವಯಿಸುವುದಿಲ್ಲ. ಸರಾಸರಿ ಸೋಂಕಿನ ಪ್ರಮಾಣವನ್ನು ಜಿಲ್ಲೆಗೆ ಲೆಕ್ಕ ಹಾಕಿದರು, ಆದರೆ ಜನ ಬದುಕುತ್ತಿದ್ದದ್ದು ಹರಿಹರದಲ್ಲಿ ಮನೆ, ಕುಮಾರಪಟ್ಟಣದಲ್ಲಿ ಕೆಲಸ ಎಂಬ ಜೋಡಿಯೂರಿನಲ್ಲಿ.

ಅಪಾಯದ ಅಳತೆ

ಚಾಲಕರ ಅಪಾಯ ಎಷ್ಟೆಂಬುದನ್ನು ವೃತ್ತಿವಾರು ಸ್ಪಷ್ಟವಾಗಿ ತೋರಿಸಿದ್ದು ಬ್ರಿಟನ್ನಿನ ಅಂಕಿಅಂಶ ಕಚೇರಿ. 2020ರ ಮೇ 11ರಂದು ಅದು ಪ್ರಕಟಿಸಿದ ವಿಶ್ಲೇಷಣೆಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪುರುಷ ಟ್ಯಾಕ್ಸಿ ಚಾಲಕರ ಕೋವಿಡ್ ಸಾವಿನ ದರ ಲಕ್ಷಕ್ಕೆ 36.4, ಅತಿ ಹೆಚ್ಚು ಅಪಾಯದ ವೃತ್ತಿಗಳಲ್ಲಿ ಒಂದು. ಕರ್ನಾಟಕದ ದೈನಂದಿನ ಬುಲೆಟಿನ್‌ನಲ್ಲಿ ವಯಸ್ಸು, ಲಿಂಗ, ಜಿಲ್ಲೆಯ ಕಾಲಂ ಇದ್ದವು, ವೃತ್ತಿಯದ್ದು ಇರಲಿಲ್ಲ.

ರಕ್ಷಣೆಯ ತಿಳಿವಳಿಕೆಯೂ ನಿಧಾನವಾಗಿ ಬಂತು. ಆರಂಭದಲ್ಲಿ ಒತ್ತು ಇದ್ದದ್ದು ಸ್ಯಾನಿಟೈಸರ್ ಮತ್ತು ಸೀಟಿನ ನಡುವಿನ ಪ್ಲಾಸ್ಟಿಕ್ ಪರದೆಗೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡ ಕಾರಿನೊಳಗಿನ ಗಾಳಿಯ ಹರಿವನ್ನು ಗಣಕದಲ್ಲಿ ಪರೀಕ್ಷಿಸಿ, ನಾಲ್ಕೂ ಗಾಜು ಇಳಿಸುವುದು ಅತ್ಯಂತ ಪರಿಣಾಮಕಾರಿ ಎಂದು ತೋರಿಸಿತು. ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಗಾಳಿಯಾಟದ ಮಹತ್ವವನ್ನು ಒತ್ತಿ ಹೇಳಿದ್ದು 2021ರ ಮೇ 20ರಂದು. ಅಷ್ಟರಲ್ಲಿ ಎರಡನೇ ಅಲೆಯ ಕೆಟ್ಟ ವಾರಗಳು ಬಂದಾಗಿತ್ತು. ಎರಡೂ ಬದಿ ತೆರೆದಿರುವ ಆಟೊ ಎ.ಸಿ. ಹಾಕಿದ ಕಾರಿಗಿಂತ ಸುರಕ್ಷಿತ ಎಂಬ ಸರಳ ಸಂಗತಿ 2020ರಲ್ಲೇ ಸ್ಟ್ಯಾಂಡುಗಳನ್ನು ತಲುಪಿದ್ದರೆ ಚಾಲಕರ ಲೆಕ್ಕಾಚಾರಕ್ಕೆ ಗಟ್ಟಿ ಆಧಾರ ಸಿಗುತ್ತಿತ್ತು.

ನಂತರದ ಬೆಳವಣಿಗೆ

ಕೋವಿಡ್‌ನಿಂದ ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಗಳಿಗೆ ₹1 ಲಕ್ಷ ನೀಡುವುದಾಗಿ ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ ಘೋಷಿಸಿತು. ಸುಪ್ರೀಂ ಕೋರ್ಟಿನ ಜೂನ್ 30ರ ತೀರ್ಪಿನ ಫಲವಾಗಿ ವಿಪತ್ತು ನಿಧಿಯಿಂದ ₹50,000 ಪರಿಹಾರವೂ ನಿಗದಿಯಾಯಿತು. ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ರಾಜ್ಯದಲ್ಲಿ ಮೊದಲಿನಿಂದ ಇದ್ದ ಯೋಜನೆ ಅಪಘಾತಕ್ಕೆ ಸಂಬಂಧಿಸಿದ್ದು. ಕೆಲಸದಲ್ಲಿ ತಗುಲಿದ ಸೋಂಕು ಅದರ ವ್ಯಾಪ್ತಿಯ ಹೊರಗಿತ್ತು. 2021ರ ಆಗಸ್ಟ್ 26ರಂದು ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿ ಆರಂಭವಾಯಿತು.

2024ರಲ್ಲಿ ಕರ್ನಾಟಕ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಅಧಿನಿಯಮ ಬಂತು. ಚಾಲಕ, ನಿರ್ವಾಹಕ, ಕ್ಲೀನರ್, ಮೆಕ್ಯಾನಿಕ್ ಮುಂತಾದವರನ್ನು ವ್ಯಕ್ತಿಗತವಾಗಿ ನೋಂದಾಯಿಸುವುದು ಇದರ ತಿರುಳು. ಗಾಡಿಯ ಒಡೆತನವಿಲ್ಲದ ಚಾಲಕರಿಗೂ ಇದರಿಂದ ತಮ್ಮದೇ ಗುರುತಿನ ಚೀಟಿ ಸಿಗುತ್ತದೆ. 7,75,000 ಮತ್ತು 2,10,000ದ ನಡುವೆ ಕಳೆದುಹೋದ ಚಾಲಕರನ್ನು ಮುಂದಿನ ಸಂಕಟಕ್ಕೆ ಮೊದಲೇ ಹೆಸರು ಹಿಡಿದು ಗುರುತಿಸುವ ದಾರಿ ಇದು. ದಾವಣಗೆರೆ, ಹರಿಹರದ ಪ್ರತಿ ಸ್ಟ್ಯಾಂಡಿನಲ್ಲೂ ಆ ನೋಂದಣಿ ಪೂರ್ಣಗೊಂಡರೆ ಮಾತ್ರ 2020–21ರ ಪಾಠ ಕಲಿತಂತೆ.