ಕ್ಲೀವ್‌ಲ್ಯಾಂಡಿನ ಐದು ಕಂಠಗಳು

ಅಮೆರಿಕೆಯ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಉಕ್ಕಿನ ಕಾರ್ಖಾನೆಗಳನ್ನು ನಂಬಿ ಬೆಳೆದ ನಗರ. 1950ರಲ್ಲಿ ಅಲ್ಲಿ 9 ಲಕ್ಷಕ್ಕೂ ಮಿಕ್ಕಿ ಜನರಿದ್ದರು. 1990ರಲ್ಲಿ ಉಳಿದವರು ಸುಮಾರು 5 ಲಕ್ಷ. ಕೆಲಸ ಹೋಯಿತು, ಅನುಕೂಲವಿದ್ದವರು ಹೊರವಲಯಗಳಿಗೆ ಹೋದರು. ಪೂರ್ವ ಭಾಗದ ಸೇಂಟ್ ಕ್ಲೇರ್ ರಸ್ತೆಯ ಆಸುಪಾಸಿನ ಐವರು ಕರಿಯ ತರುಣರು ಕಟ್ಟಿದ ತಂಡವೇ ‘ಬೋನ್ ಥಗ್ಸ್-ಎನ್-ಹಾರ್ಮನಿ’. ಕ್ರೇಜಿ, ಲೇಜಿ, ಬಿಜಿ, ವಿಶ್, ಫ್ಲೆಶ್ ಎಂಬುವು ಅವರ ವೇದಿಕೆಯ ಹೆಸರುಗಳು. ಲೇಜಿ ಮತ್ತು ಫ್ಲೆಶ್ ಅಣ್ಣತಮ್ಮಂದಿರು, ವಿಶ್ ಅವರ ದಾಯಾದಿ ಬಂಧು.

ರ‍್ಯಾಪ್ ಎಂದರೆ ಮಾತನ್ನು ತಾಳಕ್ಕೆ ಹೊಂದಿಸುವ ಕಲೆ. ರಾಗಕ್ಕೆ ಅದರಲ್ಲಿ ಹೆಚ್ಚಿನ ಸ್ಥಾನವಿರಲಿಲ್ಲ. ಇವರು ಅತಿವೇಗದ ಮಾತನ್ನೇ ರಾಗದಲ್ಲಿ ಹೇಳಿದರು, ಅದೂ ಬೇರೆಬೇರೆ ಸ್ಥಾಯಿಗಳಲ್ಲಿ, ಒಟ್ಟಿಗೆ. ಒಬ್ಬನ ಉಸಿರು ಮುಗಿಯುವಲ್ಲಿ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಹಿನ್ನೆಲೆಯ ವಾದ್ಯ ಮಾತ್ರ ನಿಧಾನ. ಆಟದ ಏರುಪದ್ಯ ಕೇಳಿ ಬೆಳೆದ ನಮ್ಮವರಿಗೆ ಆ ವೇಗ ಹೊಸತೆನಿಸದು. ಪದಗಳಲ್ಲಿ ಕೊಲೆ, ಗಾಂಜಾ, ಬೈಗುಳ ಧಾರಾಳವಾಗಿವೆ. ಅದನ್ನು ಮುಚ್ಚಿಟ್ಟು ಹೊಗಳಬೇಕಾದ್ದಿಲ್ಲ.

1993ರಲ್ಲಿ ಅವರು ಬಸ್ಸು ಹತ್ತಿ ದೂರದ ಲಾಸ್ ಏಂಜಲೀಸಿಗೆ ಹೋದರು. ರೂತ್‌ಲೆಸ್ ರೆಕಾರ್ಡ್ಸ್ ಎಂಬ ಕಂಪೆನಿಯ ಒಡೆಯನೂ ಹೆಸರಾಂತ ರ‍್ಯಾಪರನೂ ಆಗಿದ್ದ ಈಜೀ-ಈಯನ್ನು ಕಾಣಬೇಕೆಂಬುದೇ ಉದ್ದೇಶ. ಭೇಟಿ ಕೂಡಿಬರಲಿಲ್ಲ, ಫೋನಿನಲ್ಲೇ ಹಾಡಿ ಕೇಳಿಸಿದರು. ಕೊನೆಗೆ ಅವನು ಕ್ಲೀವ್‌ಲ್ಯಾಂಡಿಗೇ ಕಾರ್ಯಕ್ರಮಕ್ಕೆ ಬಂದಾಗ ಇವರೂ ಊರಿಗೆ ಮರಳಿ, ರಂಗದ ಹಿಂದೆ ಅವನೆದುರು ಹಾಡಿದರು. 1994ರಲ್ಲಿ ಅವನ ಕಂಪೆನಿಯಿಂದ ಮೊದಲ ಮುದ್ರಿಕೆ ಹೊರಬಂತು.

ಆಸರೆ ಬಹುಕಾಲ ಉಳಿಯಲಿಲ್ಲ. 1995ರ ಮಾರ್ಚ್ 26ರಂದು ಈಜೀ-ಈ ಏಡ್ಸ್‌ನಿಂದ ತೀರಿಕೊಂಡ. ಜುಲೈಯಲ್ಲಿ ಬಂದ ‘ಈ. 1999 ಇಟರ್ನಲ್’ ಅಮೆರಿಕೆಯ ಮಾರಾಟಪಟ್ಟಿಯಲ್ಲಿ ಮೊದಲನೆಯದಾಯಿತು. ಗತಿಸಿದ ಗೆಳೆಯನೊಬ್ಬನನ್ನು ನೆನೆದು ಅದರಲ್ಲಿ ಹಾಡಿದ್ದ ಒಂದು ಹಾಡನ್ನು ಅವರು ಬದಲಿಸಿ, ಈಜೀ-ಈಗಾಗಿಯೂ ತೀರಿಹೋದ ಬಂಧುಗಳಿಗಾಗಿಯೂ ಮತ್ತೆ ಹಾಡಿದರು. ಅದೇ ‘ಥಾ ಕ್ರಾಸ್‌ರೋಡ್ಸ್’. 1996ರಲ್ಲಿ ಅದು ಎಂಟು ವಾರ ಮೊದಲ ಸ್ಥಾನದಲ್ಲಿತ್ತು. 1997ರಲ್ಲಿ ಗ್ರಾಮಿ ಪ್ರಶಸ್ತಿ ಪಡೆಯಿತು. ಬೀದಿಕಾಳಗದ ಹಾಡುಗಾರರೆಂದು ದೂರವಿಟ್ಟಿದ್ದ ಮನೆಗಳಲ್ಲೂ ಅದು ಕೇಳಿಸಿತು. ಸಾವಿನ ಮನೆಯ ದುಃಖ ಅಲ್ಲಿ ಹಲವು ದನಿಗಳಲ್ಲಿ ಹರಿಯುತ್ತದೆ. ನನ್ನ ಮಟ್ಟಿಗೆ ಅವರ ಬೇರಾವ ರಚನೆಯೂ ಇದರ ಹತ್ತಿರ ಬರಲಿಲ್ಲ.

1997ರ ಎರಡು ಡಿಸ್ಕುಗಳ ‘ದ ಆರ್ಟ್ ಆಫ್ ವಾರ್’ ಕೂಡ ಮೊದಲ ಸ್ಥಾನಕ್ಕೇರಿತು. ಅಷ್ಟರಲ್ಲೇ ಬಿರುಕು ಕಂಡಿತ್ತು. 1998ರಲ್ಲಿ ಬಿಜಿ, 1999ರಲ್ಲಿ ಕ್ರೇಜಿ ತಂತಮ್ಮ ಆಲ್ಬಂ ತಂದರು. 2000ದಲ್ಲಿ ಫ್ಲೆಶ್ ಬಂದೂಕಿನ ಪ್ರಕರಣವೊಂದರಲ್ಲಿ ಜೈಲು ಸೇರಿದ, ಹೊರಬಂದದ್ದು 2008ರಲ್ಲಿ. ನಡುವೆ ಬಿಜಿಯೂ ತಂಡದಿಂದ ದೂರವಾದ. 2007ರ ಆಲ್ಬಂ ಮೂವರದು. ಅದು ಚೆನ್ನಾಗಿಯೇ ಮಾರಾಟವಾಯಿತು, ಆದರೆ ಅದರ ದೊಡ್ಡ ಹಾಡಿನ ಪಲ್ಲವಿಗೆ ಏಕಾನ್ ಎಂಬ ಹೊರಗಿನ ಗಾಯಕ ಬೇಕಾಯಿತು. ಅದೇ ವರ್ಷ ಕ್ರೇಜಿಗೆ ಮತ್ತೊಂದು ಗ್ರಾಮಿ ದೊರೆಯಿತು, 1997ರಲ್ಲಿ ತಂಡಕ್ಕೆ ಸಿಕ್ಕಿದ್ದ ವಿಭಾಗದಲ್ಲೇ. ಈ ಬಾರಿ ಜತೆಗಿದ್ದವನು ಹ್ಯೂಸ್ಟನ್ನಿನ ಕೆಮಿಲಿಯನೇರ್.

2010ರಲ್ಲಿ ಐವರೂ ಕೂಡಿ ‘ಯೂನಿ5’ ಎಂಬ ಆಲ್ಬಂ ಮಾಡಿದರು. ಮರುವರ್ಷ ಕ್ರೇಜಿಯೂ ವಿಶ್‌ನೂ ತಂಡ ಬಿಟ್ಟರು.