ಹಸಿ ಎಲೆಯ ಅಚ್ಚು

ಎಲೆಯ ಬೆನ್ನಿಗೆ ಬಣ್ಣ ಸವರಿ, ಕಾಗದಕ್ಕೆ ಒತ್ತಿ, ನರನರಗಳ ಸಮೇತ ಅದರ ರೂಪವನ್ನು ಎತ್ತಿಕೊಳ್ಳುವ ವಿಧಾನವನ್ನು ನಿಸರ್ಗಮುದ್ರಣ ಎನ್ನುತ್ತಾರೆ. ಇಂದು ಚಿಕ್ಕ ಮಕ್ಕಳ ತರಗತಿಗಳಲ್ಲಿ ಉಳಿದುಕೊಂಡಿರುವ ಈ ಕೆಲಸ ಹಿಂದೆ ವಿದ್ವಾಂಸರ ಮತ್ತು ಮುದ್ರಕರ ಕೈಯಲ್ಲಿತ್ತು. ಲಿಯೊನಾರ್ಡೊ ಡಾ ವಿಂಚಿಯ ಟಿಪ್ಪಣಿಗಳಲ್ಲಿ ಸೇಜ್ ಗಿಡದ ಎಲೆಯ ಅಚ್ಚೊಂದಿದ್ದು, ದೀಪದ ಮಸಿಯಿಂದ ಅಂಥ ಅಚ್ಚನ್ನು ತೆಗೆಯುವ ಕ್ರಮವನ್ನೂ ಅವನು ಬರೆದಿಟ್ಟಿದ್ದಾನೆ. 18ನೆಯ ಶತಮಾನದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಎಲೆಯ ಸೂಕ್ಷ್ಮ ನರಗಳನ್ನು ಖೋಟಾ ನೋಟಿನವರು ಕೆತ್ತಲಾರರೆಂದು ತಿಳಿದು, ಎಲೆಯಿಂದ ಎರಕ ಹೊಯ್ದ ಅಚ್ಚನ್ನು ಕಾಗದದ ಹಣದ ಮೇಲೆ ಒತ್ತಿದ.

1852ರಲ್ಲಿ ವಿಯೆನ್ನಾದ ಸರ್ಕಾರಿ ಮುದ್ರಣಾಲಯದ ಮುಖ್ಯಸ್ಥ ಅಲೋಯಿಸ್ ಆವರ್ ಪೇಟೆಂಟ್ ಪಡೆದ ಕ್ರಮವು ಇದನ್ನು ಯಂತ್ರೋದ್ಯಮವನ್ನಾಗಿಸಿತು. ಒಣಗಿಸಿದ ಗಿಡವನ್ನು ಉಕ್ಕು ಮತ್ತು ಸೀಸದ ತಗಡುಗಳ ನಡುವೆ ಬಲವಾಗಿ ಒತ್ತಿದಾಗ ಮೆದುವಾದ ಸೀಸದಲ್ಲಿ ಅದರ ಗುರುತು ಮೂಡುತ್ತಿತ್ತು. ಆ ಗುರುತಿನಿಂದ ವಿದ್ಯುತ್ತಿನ ನೆರವಿನಿಂದ ತಾಮ್ರದ ಫಲಕ ಸಿದ್ಧವಾಗಿ, ಅದರಿಂದ ಬೇಕಾದಷ್ಟು ಪ್ರತಿಗಳು ಹೊರಬರುತ್ತಿದ್ದವು. ಲಂಡನ್ನಿನ ಹೆನ್ರಿ ಬ್ರಾಡ್‌ಬರಿ ಇದೇ ಬಗೆಯಲ್ಲಿ 1855ರಲ್ಲಿ ಬ್ರಿಟನ್ನಿನ ಜರೀಗಿಡಗಳ 51 ಫಲಕಗಳನ್ನು ಮುದ್ರಿಸಿದ. ಚಪ್ಪಟೆಯಾದ ಜರೀಗಿಡಕ್ಕೆ ಈ ಕ್ರಮ ಒಗ್ಗಿತು. ರಸ ತುಂಬಿದ ದಂಟಿಗೂ ದಪ್ಪ ಹೂವಿಗೂ ಅಷ್ಟಾಗಿ ಒಗ್ಗಲಿಲ್ಲ.

ದಕ್ಷಿಣ ಭಾರತದ ಮುದ್ರಕರು ಬೇರೆ ದಾರಿ ಹಿಡಿದರು. ಒಣಗಿಸಿದ ಗಿಡ ಬಣ್ಣಗೆಡುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ; ಆಗ ತಾನೇ ಕಿತ್ತ ಗಿಡಕ್ಕೆ ಈ ತೊಡಕಿಲ್ಲ. ಮದರಾಸಿನಲ್ಲಿ ಹೆನ್ರಿ ಸ್ಮಿತ್ 1857ರಲ್ಲಿ ಯಾವ ಪೂರ್ವಸಿದ್ಧತೆಯೂ ಇಲ್ಲದ ಗಿಡಗಳ ಅಚ್ಚುಗಳನ್ನು ಪ್ರಕಟಿಸಿದ. 1862ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಜೆ. ಹುಂಜಿಕರ್ ಅವರ ಸಂಪುಟ ಹೊರಬಂದಿತು. ದಕ್ಷಿಣ ಭಾರತದ ಉಪಯುಕ್ತ ಹಾಗೂ ಅಲಂಕಾರಿಕ ಸಸ್ಯಗಳನ್ನು ಹಸಿಯಾಗಿಯೇ ಬಳಸಿ, ಅವುಗಳ ಸಹಜ ಬಣ್ಣದಲ್ಲಿ ಮೂಡಿಸುವುದು ಅದರ ಉದ್ದೇಶವಾಗಿತ್ತು. 1841ರಲ್ಲಿ ಆರಂಭವಾದ ಈ ಮುದ್ರಣಾಲಯವನ್ನು ಕನ್ನಡಿಗರು 1843ರ ‘ಮಂಗಳೂರ ಸಮಾಚಾರ’ಕ್ಕಾಗಿ, 1894ರ ಕಿಟೆಲ್ ನಿಘಂಟಿಗಾಗಿ ನೆನೆಯುತ್ತಾರೆ, ಅವುಗಳ ಸಾಲಿನಲ್ಲಿ ಈ ಸಸ್ಯಸಂಪುಟಕ್ಕೂ ಸ್ಥಾನ ಸಲ್ಲಬೇಕು.

ಮಕ್ಕಳ ಕೈಯಲ್ಲಿರುವುದು ವಿಯೆನ್ನಾದ ಸೀಸದ ತಗಡಲ್ಲ, ಹಸಿ ಎಲೆಯ ಈ ನೇರ ಕ್ರಮವೇ. ನರಗಳು ಉಬ್ಬಿರುವ ಹಿಂಬದಿಗೆ ಬಣ್ಣವನ್ನು ತೆಳುವಾಗಿ ಸವರಬೇಕು. ಹೆಚ್ಚಾದರೆ ಸಂದುಗಳು ತುಂಬಿ ಗೆರೆಗಳು ಮುಚ್ಚಿಹೋಗುತ್ತವೆ. ಎಲೆಯ ಅಡಿಯಲ್ಲಿ ಬಿಳಿ ಹುಡಿಯಿರುವ ಜರೀಗಿಡವನ್ನು ಮುಂಗೈಗೆ ಒತ್ತಿಕೊಳ್ಳುವ ಮಲೆನಾಡಿನ ಮಕ್ಕಳಿಗಂತೂ ಬಣ್ಣವೂ ಬೇಕಿಲ್ಲ. ಛಾಯಾಚಿತ್ರ ಬಂದ ಮೇಲೆ ಗ್ರಂಥಗಳಿಂದ ಈ ಕಲೆ ಮರೆಯಾಯಿತಾದರೂ ಎಲೆಯ ನಿಜವಾದ ಅಳತೆಯನ್ನು ಕಾಗದಕ್ಕೆ ಇಳಿಸುವ ಅದರ ಗುಣ ಕುಂದಿಲ್ಲ. ಮಕ್ಕಳಿಂದ ಅಚ್ಚು ತೆಗೆಸುವ ಶಿಕ್ಷಕರು ಅದರ ಕೆಳಗೆ ಗಿಡದ ಹೆಸರು, ಊರು ಮತ್ತು ದಿನಾಂಕವನ್ನೂ ಬರೆಸಬೇಕು. ಆಗ ಆ ಹಾಳೆ ಊರಿನ ಸಸ್ಯಸಂಪತ್ತಿನ ದಾಖಲೆಯೂ ಆಗುತ್ತದೆ.